ನನ್ನ ಹೆಂಡತಿಯ ಎಡಗಾಲಿನ ಮೇಲೆ ನಾನು ನಡೆಸಿದ ಸಂಶೋಧನೆ

ಈ ವರ್ಷ ಒಂದು ಮಹಾ ಸಂಶೋಧನೆ ಮಾಡಿಯೇ ತೀರಬೇಕೆಂದು ನಾನು ತೀರ್ಮಾನಿಸಿದೆ. ಯಾಕೆ ಮಾಡಬಾರದು ಹೇಳಿ! ನಮ್ಮ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನ ಕಡೆ ಹೋದರೆ ದೊಡ್ಡ ದೊಡ್ಡ ವಿಜ್ಞಾನಿಗಳು ಉದ್ದುದ್ದ ಗೋಡೆ ಕಟ್ಟಿಕೊಂಡು ಒಳಗೆ ಏನೇನೋ ಮಾಡುತ್ತಿರುತ್ತಾರೆ. ಗೋಡೆಯೊಳಗೆ ಅವರು ಸಂಶೋಧನೆ ಮಾಡಿದರೆ ಗೋಡೆಯಾಚೆ ನಾನು ಮಾಡಬಾರದೆಂದು ಕಾನೂನಿದೆಯೇ? ನಾನೂ ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಅವರಿಗೆ ಕೋಟಿಗಟ್ಟಲೆ ಬೆಲೆಯ ಯಂತ್ರಗಳಿವೆ. ನನಗೆ ನನ್ನ ಹೆಂಡತಿಯ ಎಡಗಾಲಿದೆ!

ಬಿಡಿಸಿ ಹೇಳುತ್ತೇನೆ. ನನ್ನ ಹೆಂಡತಿ ಚಿತ್ರಾ ಮೊಳಕಾಲ್ಮೂರಿನವಳು. ಹುಟ್ಟುವಾಗ ಎಲ್ಲರ ಹಾಗೆ ತಲೆ ಮುಂದಾಗಿ ಬರದೆ ಕಾಲು ಮುಂದಾಗಿ ಬಂದವಳು. ಅವಳು ಮಾಡಿದ ತಪ್ಪು ಅಷ್ಟೇ. ನಮ್ಮ ಕಡೆ ಸೊಂಟ ಹಿಡಿದುಕೊಂಡರೆ, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳಬೇಕು, ನೋವು ಓಡಿಹೋಗುತ್ತದೆ ಎಂದು ನಂಬಿಕೆ. ಬೋರಲು ಮಲಗಿದವರ ಸೊಂಟಕ್ಕೆ ಎಡಗಾಲಿನ ಹಿಮ್ಮಡಿಯಿಂದ ಮೂರು ಸಲ ತಾಗಿಸಿದ ಹಾಗೆ ಒದ್ದರಾಯಿತು. ಭಾನುವಾರ ಮತ್ತು ಗುರುವಾರ ಇದಕ್ಕೆ ಪ್ರಶಸ್ತ. ಒದ್ದವರಿಗೆ ಕಾಣಿಕೆ ಕೊಡಬಾರದು, ಉಪಕಾರವಾಯಿತು ಅಂತಲೂ ಹೇಳಬಾರದು. ಹೇಳಿದರೆ ಹೋದ ನೋವು ವಾಪಸು ಬರುತ್ತದಂತೆ! ಹಾಗಾಗಿ ಜನ ಬರುತ್ತಾರೆ, ಒದೆಸಿಕೊಳ್ಳುತ್ತಾರೆ, ತುಟಿ ಬಿಚ್ಚದೆ ಎದ್ದು ಹೋಗುತ್ತಾರೆ.

ಒದೆಯುವುದೇನೋ ಸುಲಭ. ಕಷ್ಟವಿರುವುದು ಮರ್ಯಾದೆಯಲ್ಲಿ. ಬರುವವರಲ್ಲಿ ಮುಕ್ಕಾಲು ಪಾಲು ವಯಸ್ಸಾದವರು. ಹಿರಿಯರಿಗೆ ಕಾಲು ತಾಗಿಸುವುದೆಂದರೇನು! ಅದಕ್ಕೇ ಒದೆಯುವ ಮುಂಚೆ ಅವರ ಪಾದ ಮುಟ್ಟಿ ಒಂದು ನಮಸ್ಕಾರ, ಒದ್ದ ಮೇಲೆ ತಪ್ಪಾಯಿತೆಂದು ಇನ್ನೊಂದು ನಮಸ್ಕಾರ. ಹೀಗೆ ಊರವರ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಚಿತ್ರಾಳ ಸೊಂಟವೇ ಹಿಡಿದುಕೊಂಡಿತು. ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ಮೇಲೆ ಬಗ್ಗಲೇಬೇಡಿ ಎಂದುಬಿಟ್ಟರು.

"ರೀ, ನನ್ ಕೈಲಾಗಲ್ಲ," ಎಂದಳು ಆ ಸಂಜೆ, ಗೋಡೆಗೆ ಒರಗಿಕೊಂಡು. "ದೇಶಕ್ಕೆಲ್ಲ ಭಾನುವಾರ ರಜ, ನನ್ನ ಎಡಗಾಲಿಗೆ ಮಾತ್ರ ಡ್ಯೂಟಿ. ನಿಮ್ಮಂಥ ಮೇಷ್ಟ್ರಿಗಾದ್ರೂ ರಿಟೈರ್‌ಮೆಂಟ್ ಅಂತ ಒಂದೈತೆ. ಒಂದೇ ಒಂದು ಭಾನುವಾರ ಬಿಸಿಲೇರೋವರ್ಗೂ ಮಲಗಬೇಕು ಕಣ್ರೀ. ನನಗೆ ಬ್ಯಾರೇನೂ ಬ್ಯಾಡ."

"ಇವತ್ತು ಆಗಲ್ಲ ಅಂತ ಹೇಳಿ ಕಳಿಸು," ಎಂದೆ.

ಅಡುಗೆಮನೆಯಿಂದ ನಮ್ಮವ್ವ ಬೊಮ್ಮಕ್ಕನ ದನಿ ಗುಡುಗಿತು. "ಬಾಗ್ಲಿಗೆ ಬಂದೋರ್ನ ಒದೀದೆ ಕಳಿಸ್ತೀರೇನ್ರೋ? ನಮ್ಮನೇಲಿ ಅಂಥ ಕೆಟ್ಟ ಪದ್ಧತಿ ಇಲ್ಲ!"

ಚಿತ್ರಾ ನನ್ನ ಮುಖ ನೋಡಿದಳು. ಮದುವೆಯಾದಂದಿನಿಂದ ಅವಳು ಅಷ್ಟು ದಣಿದು ಕೂತದ್ದನ್ನು ನಾನು ನೋಡಿರಲಿಲ್ಲ. ಎದೆ ತಟ್ಟಿಕೊಂಡು ಹೇಳಿದೆ, "ಯೋಚನೆ ಮಾಡಬೇಡ ಚಿತ್ರಾ! ಈ ಒದೆಯಿಂದ ಏನೂ ಆಗೋದಿಲ್ಲ ಅಂತ ನಾನು ವೈಜ್ಞಾನಿಕವಾಗಿ ಸಾಬೀತು ಮಾಡ್ತೀನಿ. ಆಮೇಲೆ ಒಂದು ನರಪಿಳ್ಳೆ ನಮ್ಮ ಬಾಗಿಲಿಗೆ ಬಂದರೆ ಕೇಳು!"

"ದೇವುಡಾ," ಎಂದಳು ಅವಳು. ಸುಸ್ತಾದಾಗ ಅವಳಿಗೆ ತವರಿನ ತೆಲುಗು ಬರುತ್ತದೆ.

ಪರೀಕ್ಷೆಯ ಕ್ರಮ ಬಹಳ ಸರಳ. ಬಂದವರಲ್ಲಿ ಅರ್ಧ ಜನಕ್ಕೆ ಚಿತ್ರಾ ಒದೆಯಬೇಕು. ಇನ್ನರ್ಧ ಜನಕ್ಕೆ ಎಲ್ಲರಂತೆ ಹುಟ್ಟಿದ ಒಬ್ಬ ಸಾಧಾರಣ ಮನುಷ್ಯ ಒದೆಯಬೇಕು. ಯಾರಿಗೆ ಯಾರು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಒದೆಸಿಕೊಂಡವರಿಗೆ ಮಾತ್ರ ಅದು ಯಾರ ಕಾಲೆಂದು ಗೊತ್ತಾಗಬಾರದು. ಎರಡು ಗುಂಪಿಗೂ ಒಂದೇ ಸಮ ಗುಣವಾದರೆ ಕಾಲಿನಲ್ಲಿ ಏನೂ ಇಲ್ಲ ಎಂದರ್ಥ! ಆ ಸಾಧಾರಣ ಮನುಷ್ಯ ಯಾರು? ಮನೆಯಲ್ಲೇ ಇದ್ದೆನಲ್ಲ.

"ನಾನು ನೆಟ್ಟಗೇ ಹುಟ್ಟಿದವನು ಅಲ್ವೇನವ್ವಾ?" ಎಂದು ಖಾತ್ರಿಗಾಗಿ ಕೇಳಿದೆ. ವಿಜ್ಞಾನದಲ್ಲಿ ಯಾವುದನ್ನೂ ಕೇಳದೆ ಬಿಡಬಾರದು.

ಅವ್ವ ಮುದ್ದೆ ತಿರುವುವ ಕೋಲು ನಿಲ್ಲಿಸಿ, ಒಮ್ಮೆ ಕೆಮ್ಮಿ, "ಹುಟ್ಟಿದ್ಮ್ಯಾಲೆ ನೆಟ್ಟಗೆ ಬೆಳೆದ್ಯೋ ಇಲ್ವೋ, ಅದ್ನ ಮೊದ್ಲು ನೋಡ್ಕ ಹೋಗು," ಎಂದಳು. ನಾನು ಅದನ್ನೇ ಹೌದು ಎಂದು ತಿಳಿದೆ.

ಭಾನುವಾರ ಬೆಳಗ್ಗೆ ಪಡಸಾಲೆಯ ನಡುವೆ ಹಗ್ಗ ಕಟ್ಟಿ ನಮ್ಮ ಕರಿಕಂಬಳಿಯನ್ನು ಇಳಿಬಿಟ್ಟೆ. ಬಂದವರು ಕಂಬಳಿಯ ಕೆಳಗೆ ತೂರಿ, ತಲೆ ಆಚೆ, ಸೊಂಟ ಈಚೆ ಮಾಡಿ ಬೋರಲು ಮಲಗಬೇಕು. "ಇದು ಸಂಶೋಧನೆ, ಒಳಗಿಂದ ಯಾರು ಒದೀತಾರೆ ಅಂತ ಕೇಳಬಾರದು, ಒಪ್ಪಿಗೆ ಇದ್ದವರು ಮಲಗಿ," ಎಂದೆ. "ಯಾರಾರ ಒದೀಲಿ ಮೇಷ್ಟ್ರೇ, ಬ್ಯಾಗ ಒದ್ದು ಕಳಿಸಿ. ಕುರಿ ಬಿಟ್ ಬಂದೀನಿ," ಎಂದು ಮೊದಲು ಮಲಗಿದವನು ಕುರಿ ಕಾಯುವ ಚಿಕ್ಕೀರಪ್ಪ. ನಾಣ್ಯ ಚಿಮ್ಮಿದೆ. ಸರದಿ ನನ್ನದೇ ಬಂತು!

ಕಾಲೆತ್ತುವಷ್ಟರಲ್ಲಿ ಚಿತ್ರಾ ನನ್ನ ತೋಳು ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದಳು. "ಕಾಲುಚೈನಿನ ಸದ್ದು ಬರದಿದ್ರೆ ಅವನಿಗೆ ಗೊತ್ತಾಗಲ್ವೇನ್ರೀ?"

ನಿಜ! ಚಿತ್ರಾ ಕಾಲೆತ್ತಿದರೆ ಝಲ್ ಎನ್ನುತ್ತದೆ. ಊರಿಗೆಲ್ಲ ಪರಿಚಯದ ಸದ್ದು ಅದು. ವಿಜ್ಞಾನಕ್ಕಾಗಿ ಎಂಥೆಂಥವರು ಏನೇನೋ ತ್ಯಾಗ ಮಾಡಿದ್ದಾರೆ, ನಾನು ಹೆಂಡತಿಯ ಕಾಲುಚೈನು ತೊಡಲಾರೆನೇ? ತೊಟ್ಟೆ. ಆಮೇಲೆ ನೆನಪಾಯಿತು, ನಮಸ್ಕಾರವೂ ಆಗಬೇಕು! ಚಿತ್ರಾ ಮಾಡುವುದನ್ನೆಲ್ಲ ನಾನು ಹಾಗೇ ಮಾಡದಿದ್ದರೆ ಪರೀಕ್ಷೆ ಕೆಡುತ್ತದೆ. ಬಗ್ಗಿ ಚಿಕ್ಕೀರಪ್ಪನ ಪಾದ ಮುಟ್ಟಿದೆ, ಝಲ್ ಝಲ್ ಝಲ್ ಎಂದು ಒದ್ದೆ, ಮತ್ತೆ ಬಗ್ಗಿ ಪಾದ ಮುಟ್ಟಿದೆ. ಅವನು ತೃಪ್ತಿಯಿಂದ ನಿಟ್ಟುಸಿರು ಬಿಟ್ಟು ಎದ್ದು ಹೋದ.

ಮೊಳಕಾಲ್ಮೂರು ಕಡೆಯಿಂದ ಬಸ್ಸಿನಲ್ಲಿ ಬಂದಿದ್ದ ಪಾತಮ್ಮ, "ನಡುಮು ಪಟ್ಟುಕುಂದಮ್ಮಾ," ಎಂದು ನರಳುತ್ತಾ ಸೊಂಟ ಹಿಡಿದುಕೊಂಡೇ ಕಂಬಳಿಯ ಕೆಳಗೆ ತೂರಿದಳು. ಆಕೆಗೂ ನನ್ನ ಕಾಲೇ ಬಂತು. ಒದೆಸಿಕೊಂಡವಳು ಆಚೆಯಿಂದಲೇ, "ಏನ್ ಚಿತ್ರಮ್ಮಾ, ಮೈ ಕೈ ತುಂಬ್ಕಂಡಂಗೈತೆ? ಕಾಲು ವಸಿ ಭಾರ ಆಗೈತೆ, ಒಳ್ಳೇದಾಯ್ತು ಬಿಡು," ಎಂದಳು. ಚಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ಕಾಲದ ಮೇಲೆ ಅವಳು ಹಾಗೆ ನಕ್ಕಿದ್ದಳು. ನನ್ನ ಸಂಶೋಧನೆ ಆಗಲೇ ಅರ್ಧ ಗೆದ್ದ ಹಾಗೆ ಅನ್ನಿಸಿತು.

ಆದರೆ ವಿಜ್ಞಾನದ ದಾರಿ ಹೂವಿನದಲ್ಲ. ಬೆಳಗಿನಿಂದ ಎದ್ದು ಬಗ್ಗಿ, ಬಗ್ಗಿ ಎದ್ದು ನನ್ನ ಪಾದ ಊದಿಕೊಂಡಿತು. ಕಾಲುಚೈನು ಬಿಚ್ಚಲು ಹೋದರೆ ಕೊಂಡಿ ಮಾಂಸದಲ್ಲಿ ಹುದುಗಿ ಕೂತಿದೆ! ಸೋಪು ಹಚ್ಚಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು. ಇಕ್ಕಳ ತರಲೇ ಎಂದೆ. "ನಮ್ಮವ್ವ ಕೊಟ್ಟ ಬೆಳ್ಳಿ ಅದು. ಬೇಕಾದ್ರೆ ಕಾಲು ಕತ್ತರ್ಸ್ಕಳಿ," ಎಂದಳು ಚಿತ್ರಾ. ಬೇರೆ ದಾರಿಯಿಲ್ಲದೆ ಸೋಮವಾರ ಪ್ಯಾಂಟಿನೊಳಗೆ ಕಾಲುಚೈನು ಸೇರಿಸಿಕೊಂಡು ಕಾಲೇಜಿಗೆ ಹೋದೆ.

ಬೋರ್ಡಿನ ಕಡೆ ತಿರುಗಿದರೆ ಝಲ್. ಬೆಂಚಿನ ಕಡೆ ನಡೆದರೆ ಝಲ್ ಝಲ್. ಹಿಂದಿನ ಬೆಂಚಿನವರು ತಾಳ ಹಾಕತೊಡಗಿದರು! ನಾನು ಕುರ್ಚಿಯಲ್ಲಿ ಕೂತವನು ಗಂಟೆ ಹೊಡೆಯುವವರೆಗೆ ಏಳಲೇ ಇಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ಪ್ರಿನ್ಸಿಪಾಲ್ ಪ್ರಭು ಅವರು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ನನ್ನನ್ನು ತಡೆದರು.

"ಏನ್ ಗೋವರ್ಧನ್, ಸದ್ದು ಎಲ್ಲಿಂದ ಬರ್ತಾ ಐತೆ?"

"ಸಂಶೋಧನೆ ಸಾರ್."

"ಕಾಲಿನಲ್ಲೇ?"

ಎಲ್ಲ ಹೇಳಿದೆ. ಅವರು ನಗಲಿಕ್ಕೆ ಹೋಗಿ, "ಅಮ್ಮಾ," ಎಂದು ಸೊಂಟ ಹಿಡಿದುಕೊಂಡು ನಿಂತರು. "ಈ ಕಾಲದಲ್ಲೂ ಒದೆಸ್ಕೊಳ್ಳೋ ಮೂರ್ಖರು ಇದಾರೇನ್ರಿ?" ಎಂದು ಕೇಳಿ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಸಂಜೆಯ ಹೊತ್ತಿಗೆ ಊತ ಇಳಿದು ಚೈನು ಬಿಚ್ಚಿತು. ನನ್ನ ನಡಿಗೆಯ ವಿಡಿಯೋ ಮಾತ್ರ ಅಷ್ಟರಲ್ಲಿ ಎಲ್ಲರ ಫೋನಿಗೂ ಹೋಗಿತ್ತು.

ಇಷ್ಟಾದರೂ ನಾನು ಜಗ್ಗಲಿಲ್ಲ. ವಾರ ವಾರವೂ ಒದ್ದೆ, ಬಗ್ಗಿದೆ, ಒದ್ದೆ. ಒದೆಸಿಕೊಂಡವರನ್ನೆಲ್ಲ ಹುಡುಕಿಕೊಂಡು ಹೋಗಿ ನೋವು ಹೇಗಿದೆ ಎಂದು ವಿಚಾರಿಸಿದೆ. ಕೊನೆಗೆ ಕೂಡಿ ಕಳೆದು ನೋಡಿದರೆ, ಆಹಾ! ಚಿತ್ರಾಳ ಒದೆಗೆ ಎಷ್ಟು ಜನರ ನೋವು ಇಳಿದಿತ್ತೋ ನನ್ನ ಒದೆಗೂ ಹೆಚ್ಚುಕಡಿಮೆ ಅಷ್ಟೇ ಜನರ ನೋವು ಇಳಿದಿತ್ತು. ಹಿಡಿದುಕೊಂಡ ಸೊಂಟ ನಾಲ್ಕು ದಿನ ಕಳೆದರೆ ಸಾಮಾನ್ಯವಾಗಿ ತಾನಾಗಿಯೇ ಬಿಡುತ್ತದೆ. ನೋವು ಹೋಗುವುದಕ್ಕೂ ಹುಟ್ಟಿಗೂ ಸಂಬಂಧವೇ ಇಲ್ಲ! ಚಿತ್ರಾಳಿಗೆ ಹೇಳಿದೆ. ಅವಳು ಹೋಗಿ ಟ್ರಂಕಿನ ತಳದಿಂದ ಮೆತ್ತನೆಯ ದುಪ್ಪಟಿ ತೆಗೆದು ಬಿಸಿಲಿಗೆ ಹಾಕಿದಳು. ಬರುವ ಭಾನುವಾರದ ನಿದ್ದೆಗೆ ತಯಾರಿ!

ಮುಂದಿನ ಭಾನುವಾರ ಬೆಳಗ್ಗೆ ಎಂದಿನಂತೆ ಜನ ಸೇರಿದರು. ಚಿತ್ರಾ, "ನಿಮ್ಮ ಭಾಷಣ ಮುಗೀಲಿ, ಮಲಗ್ತೀನಿ," ಎಂದು ದುಪ್ಪಟಿ ತೋಳ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ನಾನು ಅಂಗಳದ ಬೇವಿನ ಮರದ ಕೆಳಗೆ ನಿಂತು ಎಲ್ಲರನ್ನೂ ಕೂರಿಸಿ ಘೋಷಿಸಿದೆ. "ಬಂಧುಗಳೇ! ಇಷ್ಟು ದಿನ ಕಂಬಳಿಯ ಹಿಂದಿನಿಂದ ನಿಮ್ಮಲ್ಲಿ ಅರ್ಧ ಜನಕ್ಕೆ ಒದ್ದವನು ನಾನು! ಕಾಲು ಮುಂದಾಗಿ ಹುಟ್ಟಿದ ಚಿತ್ರಾ ಒದ್ದರೂ ಅಷ್ಟೇ ಗುಣ, ನೆಟ್ಟಗೆ ಹುಟ್ಟಿದ ನಾನು ಒದ್ದರೂ ಅಷ್ಟೇ ಗುಣ! ಇದರಿಂದ ಏನು ಗೊತ್ತಾಯಿತು?"

ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅವ್ವ ಎದ್ದು ನಿಂತಳು.

"ಲೇ ಗೋವರ್ಧನ, ಸಾಕು ಕೂತ್ಕಳಪ್ಪ. ನೀನೂ ಕಾಲು ಮುಂದಾಗೇ ಹುಟ್ಟಿದ್ದು."

ನನಗೆ ಬೇವಿನ ಮರ ತಿರುಗಿದ ಹಾಗಾಯಿತು. "ಅವ್ವಾ! ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಊರೋರು ನಿನ್ನ ಬಿಡ್ತಿದ್ರಾ? ಹೊತ್ತು ಹುಟ್ಟೋ ಮುಂಚೆ ಬಂದು ಬಾಗ್ಲು ಬಡಿಯೋರು. ಗಂಡುಮಗ, ಚೆನ್ನಾಗಿ ಓದ್ಲಿ ಅಂತ ನಾನೂ ಸೂಲಗಿತ್ತೀನೂ ಬಾಯಿ ಮುಚ್ಕಂಡ್ವಿ."

ಮೊದಲು ಎಚ್ಚೆತ್ತವನು ಚಿಕ್ಕೀರಪ್ಪ. "ಅಂದ್ರೆ ಇಬ್ರದೂ ಅದೇ ಕಾಲು, ಇಬ್ರದೂ ಅದೇ ಗುಣ! ಸೈನ್ಸೂ ಒಪ್ಪೈತೆ ಅಂದಂಗಾಯ್ತು!" ಎಂದು ಕೂಗಿದ. ಅಂಗಳ ಹೋ ಎಂದಿತು. ನಾನು ಎರಡೂ ಕೈ ಬೀಸಿ, "ಹಾಗಲ್ಲ, ಪರೀಕ್ಷೆ ಕೆಟ್ಟಿದೆ, ಏನೂ ಸಾಬೀತಾಗಿಲ್ಲ," ಎಂದು ಅರಚಿದೆ. ಯಾರು ಕೇಳುತ್ತಾರೆ? ಪಾತಮ್ಮ ಆಗಲೇ ಮೊಳಕಾಲ್ಮೂರಿಗೆ ಫೋನು ಹಚ್ಚಿದ್ದಳು. "ಚಿತ್ರಕ್ಕಂಗೂ ಸೊಂಟ ಹಿಡ್ದೈತಂತಲ್ಲ ಮೇಷ್ಟ್ರೇ, ನೀವೇ ಒಂದು..." ಎಂದು ಚಿಕ್ಕೀರಪ್ಪ ಶುರು ಮಾಡಿದವನು, ಚಿತ್ರಾ ನೋಡಿದ ನೋಟಕ್ಕೆ ಮಾತು ಅಲ್ಲೇ ನುಂಗಿದ.

ಚಿತ್ರಾ ಬಾಗಿಲು ಬಿಟ್ಟು ಅಲುಗಾಡಿರಲಿಲ್ಲ. ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಅವಳ ದನಿಯಲ್ಲಿ ಬರೀ ಆಯಾಸವಿತ್ತು.

"ಮಗನ ಕಾಲು ಓದಕ್ಕೆ, ಸೊಸೆ ಕಾಲು ಒದೆಯಕ್ಕೆ. ಅಲ್ವೇನತ್ತೆ?"

ಅವ್ವ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಬಹಳ ಮಗ್ನಳಾದಳು. ನನಗೆ ನಿಂತಲ್ಲೇ ನಾಚಿಕೆಯಾಯಿತು. ಚಿತ್ರಾ ಎರಡೂ ಕಾಲುಚೈನು ಬಿಚ್ಚಿ ನನ್ನ ಕೈಗಿಟ್ಟು, ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ದುಪ್ಪಟಿ ಕೊಡವಿದ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಅಂಗಳದಲ್ಲಿ ಸಾಲು ಮುಂದಕ್ಕೆ ಸರಿಯಿತು. "ಒದೀದೆ ಕಳಿಸ್ಬ್ಯಾಡ ಮಗಾ," ಎಂದಳು ಅವ್ವ.

ಅಂದಿನಿಂದ ಭಾನುವಾರ, ಗುರುವಾರಗಳು ನನ್ನವಾಗಿವೆ. ಮೊನ್ನೆ ಭಾನುವಾರ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದು ಬೋರಲು ಮಲಗಿದವರೊಬ್ಬರ ಪಾದ ಮುಟ್ಟಲು ಹೋದಾಗ, ಅವಸರದಲ್ಲಿ ಬಿಚ್ಚದೇ ಬಿಟ್ಟಿದ್ದ ಬೂಟಿನಿಂದ ಗುರುತು ಸಿಕ್ಕಿತು. ಪ್ರಿನ್ಸಿಪಾಲ್ ಪ್ರಭು ಅವರು! ಕೆಲಸ ಉಳಿಯಲೆಂದು ಒಂದು ನಮಸ್ಕಾರ ಹೆಚ್ಚಿಗೆಯೇ ಹಾಕಿದೆ. ಆ ಹೆಚ್ಚಿನ ನಮಸ್ಕಾರದಲ್ಲಿ ಬಗ್ಗಿದವನು ಮತ್ತೆ ಏಳಲೇ ಇಲ್ಲ. ಸೊಂಟ ಲಟಕ್ಕೆಂದಿತ್ತು!

ಬಗ್ಗಿದ ಭಂಗಿಯಲ್ಲೇ ಗೋಡೆ ಹಿಡಿದು ಕೋಣೆಯ ಬಾಗಿಲಿಗೆ ಬಂದೆ. ಬಿಸಿಲು ಆಗಲೇ ಕಿಟಕಿ ದಾಟಿತ್ತು. ಚಿತ್ರಾ ದುಪ್ಪಟಿ ಹೊದ್ದು ಮಗ್ಗುಲಾಗಿದ್ದಳು.

"ಚಿತ್ರಾ... ಸೊಂಟ ಹಿಡ್ಕೊಂಡಿದೆ ಕಣೇ. ವಿಜ್ಞಾನ ಗಿಜ್ಞಾನ ಎಲ್ಲ ಬಿಟ್ಟೆ. ಒಂದು ಸಲ ಒದ್ದುಬಿಡು."

ಅವಳು ಕಣ್ಣು ತೆರೆಯಲಿಲ್ಲ.

"ಇವತ್ತು ಭಾನುವಾರ ಕಣ್ರೀ, ನನಗೆ ರಜ. ಗುರುವಾರ ಬನ್ನಿ," ಎಂದು ಆಕಳಿಸಿದಳು. ಮಗ್ಗುಲು ಬದಲಿಸುತ್ತಾ ಮತ್ತೆ ಹೇಳಿದಳು, "ಈಗ್ಲೇ ಹೇಳಿರ್ತೀನಿ, ಡಾಕ್ಟ್ರು ಬಗ್ಗಬ್ಯಾಡ ಅಂದವ್ರೆ. ನಿಮಗೆ ನಮಸ್ಕಾರ ಇರಲ್ಲ, ಬರೀ ಒದೆ."