ಮೀನಿನ ತೊಟ್ಟಿ, ಪೈಪು ಮತ್ತು ನನ್ನ ಬಾಯಿ

ಮಾನ ಉಳಿಸಿಕೊಂಡು ಮನೆಗೆ ಮರಳಿದ ದಿನಗಳು ನನ್ನ ಕಸುಬಿನಲ್ಲಿ ಕಡಿಮೆ. ವಯನಾಡಿನ ಕಲ್ಪೆಟ್ಟದಲ್ಲಿ ನನ್ನದೊಂದು ಬಣ್ಣದ ಮೀನಿನ ಅಂಗಡಿ. ಮೀನು ಮಾರುವುದರ ಜೊತೆಗೆ ಮನೆಮನೆಗೆ ಹೋಗಿ ಗಾಜಿನ ತೊಟ್ಟಿಗಳನ್ನು ತೊಳೆದುಕೊಡುತ್ತೇನೆ. ತೊಳೆಯುವುದು ಸೈಫನ್ನಿನಿಂದ. ಪೈಪಿನ ಒಂದು ತುದಿ ತೊಟ್ಟಿಯೊಳಗೆ, ಇನ್ನೊಂದು ಕೆಳಗಿನ ಬಕೆಟ್ಟಿಗೆ. ಬಾಯಿಂದ ಒಮ್ಮೆ ಎಳೆದುಬಿಟ್ಟರೆ ಸಾಕು, ಕಲ್ಲಿನ ಸಂದಿಯ ಹೊಲಸೆಲ್ಲ ನೀರಿನ ಜೊತೆ ತಾನಾಗಿ ಇಳಿಯುತ್ತದೆ.

ನಾವು ಜೈನರು. ನಮ್ಮಮ್ಮ ಬಾವಿಯ ನೀರನ್ನೂ ಬಟ್ಟೆಯಲ್ಲಿ ಸೋಸದೆ ಕುಡಿದವಳಲ್ಲ. ಮೀನಿನ ಅಂಗಡಿ ಎಂದದ್ದೇ ತಡ, ಊಟ ಬಿಟ್ಟು ಕೂತಳು. "ನೋಡೋಕೆ ಮಾತ್ರ ಅಮ್ಮಾ, ಒಂದು ಮೀನೂ ಯಾರ ಬಾಯಿಗೂ ಹೋಗಲ್ಲ" ಎಂದು ಮಾತು ಕೊಟ್ಟ ಮೇಲೆಯೇ ಒಪ್ಪಿದ್ದು.

ಚಪ್ಪಲಿಗಳ ಪ್ರಯಾಣ

ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದೊಡ್ಡ ತೊಟ್ಟಿ ಇತ್ತು. ಪೈಪನ್ನು ಹರಿಯಲು ಬಿಟ್ಟು ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದೆ. ಅಲ್ಲಿ ಕಾಳುಮೆಣಸಿನ ಧಾರಣೆಯ ಮಾತು ಬಂತು. ಆ ಮಾತು ಬಂದರೆ ವಯನಾಡಿನಲ್ಲಿ ಯಾರೂ ಬೇಗ ಏಳುವುದಿಲ್ಲ.

ಮರಳಿ ಬಂದಾಗ ಬಕೆಟ್ಟು ತುಂಬಿ ಉಕ್ಕಿತ್ತು. ನೀರು ಬಾಗಿಲು ದಾಟಿ, ರೋಗಿಗಳು ಹೊರಗೆ ಬಿಟ್ಟಿದ್ದ ರಬ್ಬರ್ ಚಪ್ಪಲಿಗಳನ್ನು ಮೆಟ್ಟಿಲಿಳಿಸಿ ಚರಂಡಿಗೆ ಸೇರಿಸುತ್ತಿತ್ತು. ಬಸ್ಸು ಕಾಯುವವರೆಲ್ಲ ನೋಡುತ್ತಿದ್ದಂತೆ ಚರಂಡಿಗಿಳಿದೆ. ಊದಿದ ಕೆನ್ನೆ ಹಿಡಿದುಕೊಂಡು ನಿಂತಿದ್ದ ಒಬ್ಬ ಅಜ್ಜಿಗೆ ಸಿಕ್ಕಿದ ಒಂದು ಚಪ್ಪಲಿಯನ್ನು ತಂದುಕೊಟ್ಟೆ. ಅಜ್ಜಿ ಅದನ್ನು ತಿರುಗಿಸಿ ನೋಡಿದರು.

"ಮೋನೇ, ಎಡಗಾಲಿನದು ಹೋಗಿಯಾಯ್ತು. ಬಲಗಾಲಿನದನ್ನು ಮಾತ್ರ ಯಾಕೆ ಹಿಡಿದೆ? ಅದನ್ನೂ ಬಿಡು."

ಬಾಯಾರಿಕೆ

ಅದರಿಂದ ಬುದ್ಧಿ ಕಲಿತೆ. ಮರಕ್ಕಡವು ಎಂಬ ಊರಿನ ಒಬ್ಬ ರೈತರ ಮನೆಗೆ ತೊಟ್ಟಿ ತೊಳೆಯಲು ಹೋದಾಗ ಬಕೆಟ್ಟು ಕಣ್ಣೆದುರೇ ಇರಲಿ ಎಂದು ಎತ್ತರದ ಸ್ಟೂಲಿನ ಮೇಲಿಟ್ಟೆ. ಬಕೆಟ್ಟು ತೊಟ್ಟಿಗಿಂತ ಮೇಲಿದ್ದರೆ ನೀರು ಇಳಿಯುವುದಾದರೂ ಎಲ್ಲಿಗೆ? ಅದು ನನಗೆ ಹೊಳೆಯಲಿಲ್ಲ. ಎಳೆದೆ, ಬಾಯಿ ತುಂಬಿತು, ಉಗುಳಿದೆ. ಪೈಪಿನ ನೀರು ತೊಟ್ಟಿಗೇ ವಾಪಸ್ಸು. ಮತ್ತೆ ಎಳೆದೆ. ತಲೆ ಸುತ್ತುವವರೆಗೂ ಎಳೆದೆ.

ಹಿಂದಿನಿಂದ ಮನೆಯಾಕೆಯ ದನಿ ಕೇಳಿತು. "ಅಣ್ಣಾ, ದಾಹ ಆದ್ರೆ ಒಳಗೆ ಕೇಳ್ಬಾರ್ದಾ? ಮೀನಿನ ವೆಳ್ಳಂ ಯಾಕೆ ಕುಡೀತೀರಿ?"

ನಿಜ ಹೇಳಿದರೆ ಕಸುಬೇ ಗೊತ್ತಿಲ್ಲದವನಾಗುತ್ತಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿ, ಆಕೆ ಕೊಟ್ಟ ಮಜ್ಜಿಗೆ ಕುಡಿದೆ. ಈಗಲೂ ಆ ಮನೆಗೆ ಹೋದರೆ ಮಜ್ಜಿಗೆಯ ಚೊಂಬು ಸಿದ್ಧವಾಗಿರುತ್ತದೆ. ಅದನ್ನು ಖಾಲಿ ಮಾಡುವವರೆಗೆ ನನ್ನನ್ನು ತೊಟ್ಟಿಯ ಹತ್ತಿರ ಬಿಡುವುದಿಲ್ಲ.

ಅಮ್ಮನ ಅಭಿಮಾನ

ಬರುಬರುತ್ತಾ ಅಮ್ಮನಿಗೆ ನನ್ನ ಕಸುಬಿನ ಮೇಲೆ ಅಭಿಮಾನ ಹುಟ್ಟಿತು. ಎಷ್ಟೆಂದರೆ, ಬಸದಿಯಲ್ಲಿ ಪೂಜೆ ಮುಗಿಸಿ ನಮ್ಮ ಸೋದರತ್ತೆಯ ಮನೆಗೆ ಬಂದಿದ್ದ ಹೆಂಗಸರ ಮುಂದೆ ಒಂದು ದಿನ ಅದನ್ನೇ ಹೊಗಳತೊಡಗಿದಳು. ಅದೇ ಕೋಣೆಯ ಮೂಲೆಯಲ್ಲಿ ನಾನು ಅತ್ತೆಯ ತೊಟ್ಟಿ ತೊಳೆಯುತ್ತಿದ್ದೆ.

"ಊರವರು ಮೀನು ತಿಂತಾರೆ, ನನ್ನ ಮಗ ಸಾಕ್ತಾನೆ. ಜೀವದಯೆಯ ಕೆಲಸ" ಎಂದಳು.

ಆ ಹೊತ್ತಿಗೆ ಸರಿಯಾಗಿ ನಾನು ಪೈಪು ಎಳೆದೆ. ನೀರಿನ ಜೊತೆ ಏನೋ ಒಂದು ನಾಲಿಗೆಯ ಮೇಲೆ ಮಿಸುಕಿತು. ಗಪ್ಪಿ ಮೀನಿನ ಮರಿ. ಕಲ್ಲುಗಳ ಸಂದಿಯಲ್ಲಿ ಅಡಗಿದ್ದಿರಬೇಕು.

ನುಂಗಿದರೆ ಪಾಪ. ಉಗುಳಿದರೆ ಎಲ್ಲರಿಗೂ ಕಾಣುತ್ತದೆ, ಅಮ್ಮನ ಮಾನ ಹೋಗುತ್ತದೆ. ಕೆನ್ನೆ ಉಬ್ಬಿಸಿಕೊಂಡು ಸುಮ್ಮನೆ ನಿಂತೆ.

"ಹೇಳೋ ಮಗನೇ, ಇವರಿಗೆ ನೀನೇ ಹೇಳು. ಇಷ್ಟು ದಿನದಲ್ಲಿ ಒಂದಾದ್ರೂ ಮೀನು ನಿನ್ನಿಂದ ಯಾರ ಬಾಯಿಗಾದ್ರೂ ಹೋಗಿದೆಯಾ?"

ಇಲ್ಲ ಎಂದು ತಲೆಯಾಡಿಸಿದೆ. ಮರಿ ಕೆನ್ನೆಗೆ ಬಡಿಯುತ್ತಿತ್ತು.

"ತಲೆ ಆಡಿಸಿದ್ರೆ ಯಾರಿಗೆ ಗೊತ್ತಾಗ್ತದೆ? ಬಾಯಿ ಬಿಟ್ಟು ಹೇಳು."

ಇನ್ನು ದಾರಿಯಿರಲಿಲ್ಲ. ತೊಟ್ಟಿಯ ಮೇಲೆ ಬಗ್ಗಿ ಬಾಯಿ ಬಿಟ್ಟೆ. ಮರಿ ಎಲ್ಲರ ಕಣ್ಣೆದುರು ಹೊರಬಿದ್ದು, ಏನೂ ಆಗದಂತೆ ಈಜಿಕೊಂಡು ಹೋಯಿತು. ಬದುಕಿತಲ್ಲ ಎಂಬ ಸಮಾಧಾನ ಒಂದು ಕಡೆ. ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿದ್ದು ಇನ್ನೊಂದು ಕಡೆ.

ಅತ್ತೆ ಮೆಲ್ಲಗೆ, "ಅಲ್ಲ ಅತ್ತಿಗೆ, ನಮ್ಮ ಹುಡುಗನ ಬಾಯಲ್ಲಿ ಮೀನು..." ಎಂದು ಶುರುಮಾಡಿದಳು.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅಳಲು ಹೋದಳೆಂದೇ ನನಗೆ ಅನ್ನಿಸಿತು. ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ತಂದು ನನ್ನ ಕೈಗೆ ತುರುಕಿದಳು.

"ಮೀನಿನ ಮಾತು ಆಮೇಲೆ ಆಗ್ಲಿ. ಮೊದಲು ಇದು ಹೇಳು, ಸೋಸದ ನೀರನ್ನು ಬಾಯಿಗೆ ಯಾಕೆ ಹಾಕಿದೆ?"