ಹಿನ್ನೀರಿನ ಬೋಟು, ತಲೆಕೆಟ್ಟ ಮೀಟರು

ಬೋಟಿನ ಮೀಟರು ರಿಪೇರಿಗೆ ಅಂತ ಹೋದ ದಿನ ಬರೀ ರಿಪೇರಿ ಮಾಡಿ ಸುಮ್ಮನೆ ಮನೆಗೆ ಬಂದದ್ದು ನನಗಂತೂ ನೆನಪಿಲ್ಲ. ಏನಾದರೊಂದು ಆಗಿಯೇ ಆಗುತ್ತದೆ. ಆಗದಿದ್ದರೆ ನಾನೇ ಏನೋ ಮರೆತು ಬಂದಿದ್ದೇನೆ ಅಂತ ಚೀಲ ತಡಕುತ್ತೇನೆ.

ಪಾಂಡವಪುರದಲ್ಲಿ ನನ್ನದೊಂದು ಪುಟ್ಟ ಅಂಗಡಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿ, ಸ್ಕೂಟರು, ಟ್ರಾಕ್ಟರು, ಗೂಡ್ಸ್ ಆಟೋಗಳ ಮೀಟರು ರಿಪೇರಿಗೆ ಕೂತವಳು ನಾನು. ಕೆ.ಆರ್. ಪೇಟೆ ಕಡೆಯಿಂದೆಲ್ಲ ಟ್ರಾಕ್ಟರಿನ ಮೀಟರು ಬಿಚ್ಚಿ, ಬಸ್ಸಿನಲ್ಲಿ ಮಗೂನ ಕೂರಿಸಿಕೊಂಡ ಹಾಗೆ ತೊಡೆ ಮೇಲಿಟ್ಟುಕೊಂಡು ತರುತ್ತಾರೆ. ಹಿನ್ನೀರಿನ ದಡದಲ್ಲಿ ಒಂದು ರೆಸಾರ್ಟು ಶುರುವಾಗಿ, ಬಂದವರ ಮೋಜಿಗೆ ಅಂತ ಅವರೊಂದು ಮೋಟಾರು ಬೋಟು ತಂದರು. ಅದರ ಡ್ಯಾಶ್‌ಬೋರ್ಡು ನನ್ನ ಪಾಲಿಗೆ ಬಂತು. ಗದ್ದೆಯಲ್ಲಿ ಓಡೋದರ ಮೀಟರಾದರೇನು, ನೀರಲ್ಲಿ ಓಡೋದರ ಮೀಟರಾದರೇನು, ಎಲ್ಲ ಒಂದೇ ಅಂದುಕೊಂಡೆ.

ಒಂದೇ ಅಲ್ಲ.

ಸೊಪ್ಪಿನ ಕಟ್ಟು

ಮೊದಲ ಸಲ ಬೋಟು ನನ್ನನ್ನು ಕರೆಯಲಿಲ್ಲ, ಅದರ ಡ್ಯಾಶ್‌ಬೋರ್ಡೇ ಅಂಗಡಿಗೆ ಬಂತು. ತಂದವರು ಬೋಟಿನ ಡ್ರೈವರಣ್ಣ. ಬೆಳಗೊಳದವರು, ವಯಸ್ಸಾದವರು, ಮೊದಲು ತೆಪ್ಪ ಹಾಕುತ್ತಿದ್ದವರು. ಕಂಕುಳಲ್ಲಿ ಡ್ಯಾಶ್‌ಬೋರ್ಡು, ಅದರ ಹಿಂದೆ ಕತ್ತರಿಸಿದ ವೈರುಗಳ ದೊಡ್ಡ ಕಂತೆ. ಅದಕ್ಕೆ ಬಾಳೆನಾರು ಸುತ್ತಿ ಸೊಪ್ಪಿನ ಕಟ್ಟಿನ ಹಾಗೆ ಮಾಡಿದ್ದರು.

"ಒಂದು ಮೀಟ್ರೂ ಆಡ್ತಿಲ್ಲ ಕಣವ್ವ. ಮುಳ್ಳೆಲ್ಲ ಮಲಿಕ್ಕಬುಟ್ಟವೆ" ಅಂದರು.

"ವೈರೆಲ್ಲ ಯಾರು ಕತ್ತರಿಸಿದ್ದು ಅಣ್ಣ?"

"ನಾನೇಯ. ನಿಮಗ್ಯಾಕೆ ತೊಂದ್ರೆ ಅಂತ ಒಪ್ಪವಾಗಿ ಕತ್ತರುಸ್ಕ ಬಂದೆ."

ನನಗೆ ತಲೆ ಸುತ್ತು ಬಂತು. ಆದರೂ ಒಂದೊಂದೇ ಮೀಟರಿಗೆ ಬ್ಯಾಟರಿ ಕೊಟ್ಟು ನೋಡಿದೆ. ಎಲ್ಲ ಚೆನ್ನಾಗಿಯೇ ಆಡಿದವು. ಒಂದಕ್ಕೂ ಏನೂ ಆಗಿರಲಿಲ್ಲ.

"ಅಣ್ಣ, ಮೀಟರೆಲ್ಲ ಸರಿಯಾಗವೆ. ಬೋಟಲ್ಲಿ ಫ್ಯೂಸ್ ಹೋಗಿರಬೇಕು, ನೋಡಿದ್ರಾ?"

"ಫ್ಯೂಸು ಹೋಗಿರದು ನಂಗೊತ್ತಿಲ್ವಾ?" ಅಂದರು ಡ್ರೈವರಣ್ಣ, ವಸಿ ಬೇಜಾರಿನಿಂದ. "ಅದ್ನ ಹಾಕವ ಅಂತ ಕೈ ಆಕುದ್ರೆ ಈ ಮೀಟ್ರುಗಳು ಅಡ್ಡ ಬಂದೊ. ಅದುಕ್ಕೇ ಕಿತ್ತಾಕ್ದೆ!"

ನಿಂಬೆಹಣ್ಣು

ವೈರುಗಳನ್ನೆಲ್ಲ ಮತ್ತೆ ಸೇರಿಸಿದ ಮೇಲೆ ರೆಸಾರ್ಟಿನ ಮ್ಯಾನೇಜರು, "ಇನ್ನು ಮೇಲೆ ಏನನ್ನೂ ಬಿಚ್ಚಿ ಅಲ್ಲಿಗೆ ಕಳಿಸಲ್ಲ ಮೇಡಂ, ನೀವೇ ಇಲ್ಲಿಗೆ ಬಂದುಬಿಡಿ" ಅಂದರು. ಅವರು ನಾಗಮಂಗಲದವರು, ಮಾತು ಮೆತ್ತಗೆ, ಸದಾ ಇಸ್ತ್ರಿ ಮಾಡಿದ ಶರ್ಟು. ಹಾಗಾಗಿ ಇಂಜಿನ್ ಬಿಸಿ ತೋರಿಸುವ ಮುಳ್ಳು ನಿಂತುಹೋದಾಗ ನಾನೇ ಹೋದೆ. ಸ್ಕೂಟರಿನಲ್ಲಿ ಕರೆದುಕೊಂಡು ಹೋದವರು ನಮ್ಮನೆಯವರು. ಅವರಿಗೆ ನೀರು ಕಂಡರೆ ಭಯ. ದಡದಿಂದ ನಾಲ್ಕು ಮಾರು ಹಿಂದೆಯೇ ಒಂದು ಮರ ನೋಡಿಕೊಂಡು ನಿಂತರು.

ನಾನು ಬೋಟಿಗೆ ಇಳಿದು ಚೀಲ ಇಟ್ಟೆನೋ ಇಲ್ಲವೋ, "ಕೀಂ" ಅಂತ ಸದ್ದು. ಒಂದು ಅಲೆ ಬಂದು ಬೋಟು ಅಲ್ಲಾಡಿತು. ಮತ್ತೆ "ಕೀಂ... ಕೀಂ."

"ಅಯ್ಯೋ, ಅದು ಇಂಜಿನ್ ಕಾದರೆ ಬರೋ ಅಲಾರಂ ಮೇಡಂ!" ಅಂದರು ಮ್ಯಾನೇಜರು. ಇಂಜಿನ್ನೇ ಶುರು ಮಾಡಿರಲಿಲ್ಲ. ಅಲಾರಮಿನ ವೈರು ಬಿಚ್ಚಿದೆ. "ಕೀಂ." ಆಯಿಲ್ ಮೀಟರು ಬಿಚ್ಚಿದೆ. "ಕೀಂ." ಡ್ಯಾಶ್‌ಬೋರ್ಡು ಪೂರ್ತಿ ಕಳಚಿ ಮಡಿಲಲ್ಲಿ ಇಟ್ಟುಕೊಂಡೆ. "ಕೀಂ." ಕೊನೆಗೆ ಸಿಟ್ಟು ಬಂದು ಬ್ಯಾಟರಿ ವೈರನ್ನೇ ಕಿತ್ತೆ. ಅಲೆ ಬಂತು. "ಕೀಂ!"

"ಬ್ಯಾಟ್ರಿ ಇಲ್ದೇನೂ ಅರುಚ್ತದೆ ಅಂದ್ರೆ ಇದು ಮೀಟ್ರು ಇಚಾರ ಅಲ್ಲ ಕಣವ್ವ" ಅಂತ ಡ್ರೈವರಣ್ಣ ಎದ್ದು ಹೋದರು. ವಾಪಸ್ಸು ಬಂದಾಗ ಕೈಯಲ್ಲೊಂದು ನಿಂಬೆಹಣ್ಣು. ಬೋಟಿನ ಮೂತಿಗೆ ಅದನ್ನು ಕಟ್ಟಿ, ಕೈ ಮುಗಿದರು. ಅಷ್ಟು ಹೊತ್ತಿಗೆ ನಾನು ಬಿಸಿಯ ಮುಳ್ಳೊಂದನ್ನು ಸರಿಮಾಡಿ, ಡ್ಯಾಶ್‌ಬೋರ್ಡು ಕೂರಿಸಿ, ಈ ಸದ್ದಿನ ಕಥೆ ನಾಳೆ ನೋಡೋಣ ಅಂತ ಚೀಲ ಎದೆಗವುಚಿಕೊಂಡು ದಡಕ್ಕೆ ಹತ್ತಿದೆ. ಬೋಟು ಗಪ್‌ಚುಪ್.

"ನೋಡುದ್ರಾ?" ಅಂದರು ಡ್ರೈವರಣ್ಣ.

ನನಗೆ ಅವಮಾನ. ಚೀಲ ಬೆನ್ನಿಗೆ ಹಾಕಿಕೊಂಡು ಸ್ಕೂಟರು ಹತ್ತಿದೆ, ಹೊರಟೆವು. ಕ್ಯಾತನಹಳ್ಳಿ ಹತ್ತಿರ ರಸ್ತೆಯಲ್ಲಿ ಒಂದು ಹಳ್ಳ ಬಂತು, ಸ್ಕೂಟರು ಎಗರಿತು. ಬೆನ್ನ ಹಿಂದೆ "ಕೀಂ!"

ನಮ್ಮನೆಯವರು ಬ್ರೇಕ್ ಹಾಕಿ, ತಿರುಗಿಯೂ ನೋಡದೆ, "ಅಮ್ಮೀ, ಅದು ನಮ್ಮಿಂದೆನೇ ಬಂದ್ಬುಡ್ತು ಕಣಮ್ಮಿ" ಅಂದರು.

ಚೀಲ ಸುರಿದೆ. ತಳದಲ್ಲಿ ನನ್ನ ಹಳೇ ಮಲ್ಟಿಮೀಟರು. ವೈರು ತುಂಡಾಗಿದೆಯೋ ಇಲ್ಲವೋ ನೋಡಲು ಸದ್ದು ಮಾಡುತ್ತದಲ್ಲ, ಆ ಜಾಗಕ್ಕೆ ತಿರುಗಿಸಿದ್ದು ಹಾಗೇ ಇತ್ತು. ಚೀಲ ಅಲ್ಲಾಡಿದಾಗೆಲ್ಲ ಅದರ ಎರಡು ಕಡ್ಡಿ ಒಂದಕ್ಕೊಂದು ತಾಗಿ ಕೂಗುತ್ತಿತ್ತು. ದಿನವಿಡೀ ಕೈಯಲ್ಲಿ ಹೊಸದನ್ನು ಹಿಡಿದುಕೊಂಡು ಹಳೇದರ ಸದ್ದಿಗಾಗಿ ಬೋಟೆಲ್ಲ ಬಿಚ್ಚಿದ್ದೆ.

ಮಾರನೇ ದಿನ ಮ್ಯಾನೇಜರ ಫೋನು. "ಮೇಡಂ, ಸದ್ದು ಪೂರ್ತಿ ನಿಂತಿದೆ! ಇನ್ನೇನಾದ್ರೂ ಮಾಡಬೇಕಾ?"

"ಏನೂ ಬೇಡ ಸರ್" ಅಂದೆ. "ಆ ನಿಂಬೆಹಣ್ಣು ಮಾತ್ರ ತೆಗೀಬೇಡಿ."

ಅಡಿಯ ಲೆಕ್ಕ

ಬೋಟಿನಲ್ಲಿ ನೀರಿನ ಆಳ ತೋರಿಸುವ ಒಂದು ಮೀಟರೂ ಇತ್ತು. ತಂದ ದಿನದಿಂದ ಕತ್ತಲಾಗಿಯೇ ಇದ್ದದ್ದು. ಒಳಗೆ ತೇವ ಸೇರಿ ಬೋರ್ಡು ಹಸಿರುಗಟ್ಟಿತ್ತು. ಅಂಗಡಿಗೆ ತಂದು, ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಸೂಕ್ಷ್ಮವಾಗಿ ಬೆಸುಗೆ ಹಾಕಿ ಕೂರಿಸಿದೆ. ಕೆಂಪಗೆ ದೊಡ್ಡ ಅಂಕಿ ಹೊಳೆಯಿತು. ನನಗೆ ಹೆಮ್ಮೆಯೋ ಹೆಮ್ಮೆ.

ಆ ವಾರದಲ್ಲೇ ಮ್ಯಾನೇಜರು ಫೋನ್ ಮಾಡಿದರು. "ಮೇಡಂ, ಅದು ಕೆಟ್ಟಿದ್ದಾಗಲೇ ಚೆನ್ನಾಗಿತ್ತು. ಜನ ನಗ್ತಾ ನಗ್ತಾ ಹೋಗ್ತಾರೆ. ಮಧ್ಯಕ್ಕೆ ಹೋಗಿ ನಲವತ್ತು ಅಂತ ನೋಡಿದ ತಕ್ಷಣ, ನಲವತ್ತು ಅಡಿ ನೀರು ಅಂತ ಗೊತ್ತಾಗಿ ಬೊಬ್ಬೆ ಹೊಡೀತಾರೆ. ಒಬ್ಬರೂ ಪೂರ್ತಿ ರೌಂಡು ಹೋಗ್ತಿಲ್ಲ. ಸ್ವಲ್ಪ ಕಮ್ಮಿ ತೋರಿಸೋ ಹಾಗೆ ಮಾಡಿ."

"ಸುಳ್ಳು ತೋರಿಸೋ ಹಾಗೆ ಮಾಡಲ್ಲ ಸರ್" ಅಂದೆ. ಆಮೇಲೆ ಯೋಚನೆ ಬಂತು. ಹೋಗಿ ಒಂದು ಬಟನ್ ಒತ್ತಿ, ಅಡಿಯಲ್ಲಿ ಇದ್ದದ್ದನ್ನು ಮೀಟರ್ ಲೆಕ್ಕಕ್ಕೆ ತಿರುಗಿಸಿದೆ. ನಲವತ್ತು ಇದ್ದದ್ದು ಹನ್ನೆರಡಾಯಿತು. ಸುಳ್ಳೂ ಅಲ್ಲ, ಭಯವೂ ಇಲ್ಲ. ಮ್ಯಾನೇಜರು ಕೈ ಮುಗಿದರು.

ಮಾರನೇ ದಿನವೇ ಕೆ.ಆರ್. ಪೇಟೆ ಕಡೆಯ ಒಂದು ಕುಟುಂಬ ಬಂತು. ಜೊತೆಗೊಬ್ಬರು ಅಜ್ಜಿ. ಹಿನ್ನೀರಿನ ನಡುವೆ ಅಜ್ಜಿ ಕೇಳಿದರಂತೆ, "ಅದೇನ್ಲಾ ಕೆಂಪಗೆ ಉರೀತಾ ಅದೆ, ಹನ್ನೆಲ್ಡು ಅಂತ?"

"ನೀರಿನ ಆಳ ಕಣಜ್ಜಿ" ಅಂದರಂತೆ ಡ್ರೈವರಣ್ಣ.

"ಬರೀ ಹನ್ನೆಲ್ಡು ಅಡಿಯಾ? ನಮ್ಮಟ್ಟಿ ಸೇದೋ ಬಾವಿಲೇ ಇದರ ಎಲ್ಡರಷ್ಟದೆ. ಇಷ್ಟು ನೀರಿಗೆ ಈ ಉಬ್ಬಿದ ಕೋಟು ಯಾಕ್ಲಾ ಹಾಕುಸ್ದೆ, ಸೆಕೆ ಆಯ್ತದೆ!" ಅಂತ ಅಜ್ಜಿ ಲೈಫ್ ಜಾಕೆಟ್ಟಿನ ಗುಂಡಿ ಬಿಚ್ಚತೊಡಗಿದರಂತೆ. ಡ್ರೈವರಣ್ಣ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಅಜ್ಜಿಯ ಕೋಟು ಹಿಡಿದುಕೊಂಡೇ ದಡಕ್ಕೆ ಬಂದರು.

ಅಷ್ಟು ಕಷ್ಟಪಟ್ಟು ಬದುಕಿಸಿದ ಆ ಮೀಟರಿನ ಮುಖಕ್ಕೆ ಮ್ಯಾನೇಜರು ಕಪ್ಪು ಟೇಪು ಅಂಟಿಸಿದರು. ಟೇಪು ಕೊಟ್ಟವಳೂ ನಾನೇ.

ಮದುವೆಗೆ ಮುಂಚಿನ ಫೋಟೋ

ಇನ್ನೊಂದು ದಿನ ಸ್ಪೀಡ್ ಮೀಟರು. ಬೋಟಿನ ಅಡಿಯಲ್ಲಿ ನೀರಿಗೆ ತಿರುಗುವ ಒಂದು ಸಣ್ಣ ಚಕ್ರ ಇರುತ್ತದೆ, ಅದು ತಿರುಗಿದಷ್ಟೂ ಮುಳ್ಳು ಏರುತ್ತದೆ. ಚಕ್ರ ಕೆಟ್ಟಿದೆಯೋ ಮೀಟರು ಕೆಟ್ಟಿದೆಯೋ ತಿಳಿಯಲು ನನ್ನ ಹತ್ತಿರ ಒಂದು ಪುಟ್ಟ ಡಬ್ಬಿ ಇದೆ. ಅದರ ಗುಬುಟು ತಿರುಗಿಸಿದರೆ ಬೋಟು ನಿಂತಿದ್ದರೂ ಮುಳ್ಳು ಓಡುತ್ತದೆ.

ಅದನ್ನು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿಕೊಂಡಿದ್ದಾಗ ಮದುವೆ ಗೊತ್ತಾಗಿದ್ದ ಒಂದು ಜೋಡಿ ಫೋಟೋಗೆ ಬಂತು. ಹುಡುಗ ಕೂಲಿಂಗ್ ಗ್ಲಾಸು ಹಾಕಿ ಸ್ಟೇರಿಂಗು ಹಿಡಿದ. ಹುಡುಗಿ ಪಕ್ಕದಲ್ಲಿ ಕೂತಳು. ಬೋಟನ್ನು ದಡದ ಕಂಬಕ್ಕೆ ದಪ್ಪ ಹಗ್ಗದಲ್ಲಿ ಕಟ್ಟಿದ್ದರು. ಫೋಟೋಗ್ರಾಫರು ನನ್ನ ಕಿವಿಯಲ್ಲಿ, "ಅಕ್ಕ, ಆ ಮುಳ್ಳನ್ನ ಜೋರಾಗಿ ಓಡೋ ಹಾಗೆ ತೋರಿಸಿ, ಫೋಟೋದಲ್ಲಿ ಬೀಳುತ್ತೆ" ಅಂದ. ಹುಡುಗಿಯ ಕೂದಲು ಹಾರಲಿ ಅಂತ ಅವನ ಜೊತೆಗಾರ ಒಂದು ಗಾಳಿ ಊದುವ ಮಿಷನ್ನು ಹಿಡಿದುಕೊಂಡ.

ಗುಬುಟು ತಿರುಗಿಸಿದೆ. ಮುಳ್ಳು ಏರಿತು. ಗಾಳಿ ಭರ್ ಅಂತ ಬಂತು. ಹುಡುಗ ಫೋಟೋಗೆ ಅಂತ ದೂರ ನೋಡುತ್ತಿದ್ದವನು ಮೀಟರು ನೋಡಿದ.

"ಅಣ್ಣಾ, ಸ್ಲೋ ಮಾಡೀ! ಸ್ಲೋ ಮಾಡೀ! ನಂಗೆ ಈಜು ಬರಲ್ಲ!" ಅಂತ ಕಿರುಚಿ ಸ್ಟೇರಿಂಗು ಬಿಟ್ಟು ಹುಡುಗಿಯ ತೋಳು ತಬ್ಬಿಕೊಂಡ.

ದಡದ ಮೇಲೆ ಕೂತು ಟೀ ಕುಡಿಯುತ್ತಿದ್ದ ಡ್ರೈವರಣ್ಣ ಕೀಲಿ ಎತ್ತಿ ತೋರಿಸಿದರು. "ಇಂಜಿನ್ನೇ ಆಕಿಲ್ಲ ಕಣಪ್ಪಾ!"

ಹುಡುಗಿ ತೋಳು ಬಿಡಿಸಿಕೊಳ್ಳದೆ, ನಿಧಾನವಾಗಿ ಹೇಳಿದಳು: "ಹಗ್ಗ ಕಟ್ಟಿದ ಬೋಟಲ್ಲೇ ಹಿಂಗೆ ಅರಚ್ತೀರಲ್ಲ, ನಾಳೆ ನಮ್ಮ ಅಮ್ಮನ್ನ ಹೆಂಗೆ ಎದುರಿಸ್ತೀರ?"

ಹಾರನ್ನು

ಎಲ್ಲಕ್ಕಿಂತ ದೊಡ್ಡದು ಪೆಟ್ರೋಲ್ ಮೀಟರಿನದು. ರೆಸಾರ್ಟಿನ ಯಜಮಾನರು ಮಾರನೇ ದಿನ ನೆಂಟರ ಸಮೇತ ಬರುವವರಿದ್ದರು. ಬೋಟಿನಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಮ್ಯಾನೇಜರ ಕೆಲಸಕ್ಕೇ ಕುತ್ತು ಬರುತ್ತಿತ್ತು. ಅವರ ಇಸ್ತ್ರಿ ಶರ್ಟು ಅವತ್ತು ಬೆಳಿಗ್ಗೆಯೇ ಒದ್ದೆ.

"ಪೆಟ್ರೋಲು ಮುಳ್ಳು ಯಾವಾಗಲೂ ಸೊನ್ನೆ ತೋರಿಸುತ್ತೆ ಮೇಡಂ" ಅಂದರು.

"ಯಾವಾಗ್ಲೂ ಅಲ್ಲ ಸಾ" ಅಂದರು ಡ್ರೈವರಣ್ಣ. "ಹಾರನ್ ಒತ್ತುದ್ರೆ ನಿಜ ಹೇಳ್ತದೆ." ಅಂದವರೇ ಹಾರನ್ ಒತ್ತಿದರು. ಮುಳ್ಳು ಟಣ್ಣಂತ ಎದ್ದು ಅರ್ಧ ಟ್ಯಾಂಕಿಗೆ ಬಂತು. ಬಿಟ್ಟರು, ಮಲಗಿತು. "ನೋಡಿ, ಅರ್ಧ ಐತೆ. ನಾನು ಇಂಗೇ ನೋಡ್ಕಳದು."

ಕಾರಣ ಸುಲಭ. ಅರ್ಥ್ ವೈರಿನ ತುದಿ ತುಕ್ಕು ತಿಂದಿತ್ತು. ಹಾರನ್ನಿಗೆ ಹೋದ ಕರೆಂಟು ವಾಪಸ್ಸು ಹೋಗಲು ದಾರಿ ಸಿಗದೆ ಮೀಟರಿನೊಳಗೆ ನುಗ್ಗಿ ಮುಳ್ಳನ್ನು ಎಬ್ಬಿಸುತ್ತಿತ್ತು. ಟ್ಯಾಂಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಡ್ರೈವರಣ್ಣ ದಿನಾ ಬೆಳಿಗ್ಗೆ ಕ್ಯಾನಿನಿಂದ ಪೆಟ್ರೋಲು ಹಾಕುತ್ತಿದ್ದರಿಂದ ಯಾವತ್ತೂ ತೊಂದರೆಯಾಗಿರಲಿಲ್ಲ, ಅಷ್ಟೇ. ಅವತ್ತು ಬೆಳಿಗ್ಗೆಯಿಂದ ನಾನು ಬೋಟಿನಲ್ಲೇ ಕೂತಿದ್ದರಿಂದ ಅದನ್ನೂ ಹಾಕಿರಲಿಲ್ಲ.

ಹೊಸ ವೈರು ಹಾಕಿ ಬಿಗಿದೆ. ಮುಳ್ಳು ಸೊನ್ನೆ ತೋರಿಸಿತು. "ಈಗ ಸರಿಯಾಯ್ತು. ಟ್ಯಾಂಕು ಖಾಲಿ, ಪೆಟ್ರೋಲು ಹಾಕ್ಕೊಳಿ ಅಣ್ಣ" ಅಂದೆ.

ಡ್ರೈವರಣ್ಣ ಹಾರನ್ ಒತ್ತಿದರು. ಮುಳ್ಳು ಮಿಸುಕಲಿಲ್ಲ. ಇನ್ನೊಂದು ಸಲ ಒತ್ತಿದರು.

"ಕೆಡಿಸ್ಬುಟ್ರಲ್ಲವ್ವ!" ಅಂದರು. "ಒತ್ತಿದಾಗಾದ್ರೂ ನಿಜ ಹೇಳ್ತಿತ್ತು, ಈಗ ಅದ್ನೂ ಹೇಳ್ತಿಲ್ಲ."

"ಅಣ್ಣ, ನಿಜವಾಗ್ಲೂ ಖಾಲಿ."

"ಬೆಳಗ್ಗೆ ತಾನೆ ಅರ್ಧ ಇತ್ತು, ನೀವೇ ನೋಡ್ಲಿಲ್ವಾ?"

ಮ್ಯಾನೇಜರು ಇಬ್ಬರ ಮುಖ ನೋಡಿದರು. "ಮೇಡಂ, ಅಣ್ಣನಿಗೆ ಅನುಭವ ಜಾಸ್ತಿ. ಒಂದು ರೌಂಡು ಹೋಗಿ ಬಂದುಬಿಡೋಣ, ನೀವೂ ಇರಿ" ಅಂದರು. ನಾನು ಹಟಕ್ಕೆ ಹತ್ತಿ ಕೂತೆ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಮ್ಮನೆಯವರೂ, ಜೀವಮಾನದಲ್ಲಿ ಮೊದಲ ಸಲ, ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ಟು ಹಾಕಿಕೊಂಡು ಕಣ್ಣು ಮುಚ್ಚಿ ಹತ್ತಿದರು.

ಬೋಟು ಚೆನ್ನಾಗಿಯೇ ಹೋಯಿತು. ದಡದ ಮರಗಳು ಕಡ್ಡಿಗಳಾಗಿ ಕಾಣುವಷ್ಟು ದೂರ ಹೋದ ಮೇಲೆ ಇಂಜಿನ್ನು ಒಂದು ಸಲ ಕೆಮ್ಮಿತು. ಎರಡು ಸಲ ಕೆಮ್ಮಿತು. ಟ್ಯಾಂಕಿನ ತಳದ ಕೊನೇ ಹನಿಯೂ ಮುಗಿದು ನಿಂತಿತು. ನೀರು ಬೋಟಿಗೆ ಬಡಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

ನಾನು ಎದ್ದು ಚಪ್ಪಾಳೆ ತಟ್ಟಿಬಿಟ್ಟೆ. "ನೋಡಿದ್ರಾ! ಮೀಟರು ಸರಿಯಾಗೇ ತೋರಿಸ್ತಿತ್ತು!"

"ಗೆದ್ದೆ ಕಣಮ್ಮಿ, ನೀನೇ ಗೆದ್ದೆ" ಅಂದರು ನಮ್ಮನೆಯವರು, ಕಣ್ಣು ಬಿಡದೆ. "ಈಗ ದಡಕ್ಕೆ ಹೆಂಗೋಗದು ಅದ್ನೇಳು."

ಡ್ರೈವರಣ್ಣ ಬಗ್ಗಿ ಹಾರನ್ ಒತ್ತಿದರು. ಮುಳ್ಳು ನೋಡಿದರು. ಮತ್ತೆ ಒತ್ತಿದರು. ಪೆಟ್ರೋಲಿಗಾಗಿ ಅವರು ಒತ್ತಿದ ಆ ಹಾರನ್ನು ದೂರದಲ್ಲಿ ಬಲೆ ಬಿಡುತ್ತಿದ್ದ ಒಬ್ಬ ತೆಪ್ಪದವನಿಗೆ ಕೇಳಿಸಿತು. ಅವನು ತೆಪ್ಪ ತಿರುಗಿಸಿಕೊಂಡು, ತಿರುಗಿಸಿಕೊಂಡು ಬಂದ. ಡ್ರೈವರಣ್ಣನ ಹಳೇ ಜೊತೆಗಾರ. ನಮ್ಮ ಬಿಳೀ ಬೋಟಿಗೆ ಹಗ್ಗ ಕಟ್ಟಿ, ಎಳೆಯಲು ಹುಟ್ಟು ಎತ್ತಿಕೊಂಡ. ಬಗ್ಗಿ ಡ್ಯಾಶ್‌ಬೋರ್ಡು ನೋಡಿ ಕೇಳಿದ:

"ಏನ್ಲಾ, ಪೆಟ್ರೋಲು ಮುಗಿದಿದ್ದು ಗೊತ್ತಾಗ್ನಿಲ್ವಾ? ಮೀಟ್ರು ಕೆಟ್ಟೋಗಿತ್ತಾ?"

ಡ್ರೈವರಣ್ಣ ನನ್ನ ಕಡೆ ಒಂದು ಸಲ ನೋಡಿ, ಉಸಿರು ಬಿಟ್ಟು ಹೇಳಿದರು:

"ಕೆಟ್ಟಿದ್ದಾಗ ಒಂದಿನಾನೂ ನಿಂತಿರ್ನಿಲ್ಲ ಕಣ್ಲಾ. ಇವತ್ತು ರಿಪೇರಿ ಮಾಡ್ಸುದ್ವಿ, ನಿಂತೋಯ್ತು!"