ಸ್ಪೇನಿನ ಬಂಡೆಗಳಿಗೆ ಕಳಿಸಿಕೊಟ್ಟವರು

ಪ್ರವಾಸ ಹೋಗುವವರು ಅವರು, ಪಜೀತಿ ನನಗೆ. ಈ ಕೆಲಸಕ್ಕೆ ಸೇರಿದಾಗಿನಿಂದ ಹೀಗೇ. ಟೋಕಿಯೋದ ಮಿನಾಟೋದಲ್ಲಿ ಒಂದು ಪುಟ್ಟ ಟ್ರಾವೆಲ್ ಆಫೀಸಿನಲ್ಲಿದ್ದೇನೆ. ಸ್ಪೇನಿನ ಮೆಡಿಟರೇನಿಯನ್ ದಂಡೆಗೆ ಜನರನ್ನು ಕಳಿಸುತ್ತೇನೆ. ಕಡಿದಾದ ಬಂಡೆಗಳು, ನಡುವೆ ಅಂಗೈಯಗಲದ ಮರಳ ತೀರಗಳು, ಬಂಡೆಯಂಚಿನಲ್ಲೇ ಸಾಗುವ ಕಾಲುದಾರಿ. ಫೋಟೋ ನೋಡಿದವರು ಮರುಳಾಗುತ್ತಾರೆ. ಆಮೇಲೆ ಫೋನ್ ಬಂದಾಗಲೆಲ್ಲ ಏನು ಎಡವಟ್ಟಾಯಿತೋ ಅಂದುಕೊಂಡೇ ಎತ್ತುತ್ತೇನೆ.

೧. ಮೆಟ್ಟಿಲು

ಯೋಕೋಹಾಮಾದ ನಿವೃತ್ತ ಎಂಜಿನಿಯರ್ ಒಬ್ಬರು ಬಂದು, ಹೋಟೆಲಿನಿಂದ ನೀರಿನವರೆಗೆ ಎಷ್ಟು ಮೆಟ್ಟಿಲು ಅಂತ ಕೇಳಿದರು. ಮಂಡಿನೋವಂತೆ. ಹೋಟೆಲಿಗೆ ಫೋನ್ ಮಾಡಿದೆ. ಒಡತಿ ನಕ್ಕು, ಇಷ್ಟು ವರ್ಷದಲ್ಲಿ ಯಾರೂ ಎಣಿಸಿಲ್ಲ ಎಂದಳು. ಅದನ್ನೇ ಹೇಳಿದೆ. ಗಿರಾಕಿ ಕೈತಪ್ಪಿದರು ಅಂದುಕೊಂಡಿದ್ದರೆ, ಮರುದಿನವೇ ಬಂದು ಟಿಕೆಟ್ ಮಾಡಿಸಿದರು.

ವಾಪಸ್ ಬಂದು ನನಗೊಂದು ಚೀಟಿ ಕೊಟ್ಟರು. ಇಳಿಯುವಾಗ ಇನ್ನೂರ ಹನ್ನೊಂದು, ಹತ್ತುವಾಗ ಇನ್ನೂರ ಹದಿಮೂರು. ಅದ್ಹೇಗೆ ಎರಡು ಹೆಚ್ಚು ಬಂತು ಎಂದೆ.

"ಅದಕ್ಕೇ, ಮುಂದಿನ ವರ್ಷಕ್ಕೂ ಬುಕ್ ಮಾಡಿ" ಎಂದರು.

೨. ನಾಯಿ

ಜಾಗ ನೋಡಿ ಬರಲು ಒಮ್ಮೆ ನಮ್ಮ ಮ್ಯಾನೇಜರ್ ಜೊತೆ ನಾನೂ ಹೋಗಿದ್ದೆ. ಅವರು ದನಿ ಏರಿಸಿದ್ದನ್ನು ನಾನು ಕಂಡಿಲ್ಲ, ಅಷ್ಟು ಸಾಧು. ಬಂಡೆದಾರಿಯಲ್ಲಿ ಮುಂದೆ ಹೋದವರು ಕಾಣಿಸಲೇ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಕೆಳಗೆ ಅಲೆ ಅಪ್ಪಳಿಸುತ್ತಿತ್ತು. ಅವರ ಹೆಂಡತಿಗೆ ಏನು ಹೇಳಲಿ?

ಓಡೋಡಿ ಹೋದರೆ, ತಿರುವಿನಾಚೆ ಇಕ್ಕಟ್ಟು ದಾರಿಗೆ ಅಡ್ಡಲಾಗಿ ದೊಡ್ಡದೊಂದು ನಾಯಿ ಮಲಗಿದೆ, ಇವರು ಅದರ ಮುಂದೆ ಕೈಕಟ್ಟಿ ನಿಂತಿದ್ದಾರೆ. ಮುಕ್ಕಾಲು ಗಂಟೆಯಾಯಿತಂತೆ. ಫೋನ್ ಯಾಕೆ ಎತ್ತಲಿಲ್ಲ ಎಂದೆ.

"ಸುಮಿಮಾಸೆನ್, ಕ್ಷಮಿಸಿ, ಸೈಲೆಂಟ್ ಮಾಡಿದ್ದೆ" ಎಂದು ಪಿಸುಗುಟ್ಟಿದರು, "ಅದು ನಿದ್ದೆ ಮಾಡ್ತಾ ಇದೆಯಲ್ಲ."

೩. ಗದ್ದಲವಿಲ್ಲದ ಜಾಗ

ಟೋಕಿಯೋ ಪಕ್ಕದ ಇಚಿಕಾವಾದಲ್ಲಿರುವ ನನ್ನ ಗೆಳತಿ ತನ್ನ ಗಂಡ, ಅತ್ತೆಯ ಜೊತೆ ಹೊರಟಳು. ಅತ್ತೆ ಮೈಸೂರಿನವರು, ಬಲು ಕಟ್ಟುನಿಟ್ಟು; ಸೊಸೆ ತೋಳಿಲ್ಲದ ರವಿಕೆ ತೊಟ್ಟರೂ ಎರಡು ದಿನ ಮಾತಿಲ್ಲ. ಅವರಿಗೆ ಗದ್ದಲ ಆಗದು ಅಂತ, ಕಾರೂ ಹೋಗದ, ಅಂಗಡಿಯೂ ಇಲ್ಲದ ಒಂದು ತೀರ ಆರಿಸಿಕೊಟ್ಟೆ.

ಅವರು ಅಲ್ಲಿಗೆ ಇಳಿದ ಮೇಲೆ ಹೋಟೆಲಿನ ಒಡತಿಯ ಮೆಸೇಜ್ ಬಂತು: ನಿಮ್ಮವರಿಗೆ ಗೊತ್ತು ತಾನೇ, ಆ ತೀರದಲ್ಲಿ ಯಾರೂ ಬಟ್ಟೆ ಹಾಕುವುದಿಲ್ಲ.

ಐದು ಸಲ ಫೋನ್ ಮಾಡಿದ ಮೇಲೆ ಗೆಳತಿ ಎತ್ತಿದಳು. ಅಷ್ಟರಲ್ಲಿ ಮೂವರೂ ಎಲ್ಲ ನೋಡಿಯಾಗಿತ್ತಂತೆ. ಗಂಡ ಬಂಡೆಗೆ ಮುಖ ಮಾಡಿ ಕೂತವರು ಎದ್ದಿಲ್ಲವಂತೆ. ಅತ್ತೆ ನಿನ್ನ ಹತ್ತಿರ ಮಾತಾಡಬೇಕಂತೆ ಅಂತ ಫೋನ್ ದಾಟಿಸಿದಳು. ತಪ್ಪಾಯ್ತು ಅಂತ ನಾನು ಶುರು ಮಾಡುವ ಮೊದಲೇ ಅವರು ಹೇಳಿದರು:

"ಜಾಗ ಚೆನ್ನಾಗಿದೆ ಕಣಮ್ಮ. ಆದ್ರೆ ಪಾಪ, ಬಟ್ಟೆ ಬದಲಾಯಿಸೋಕೆ ಇವರಿಗೆ ಒಂದು ರೂಮೂ ಇಲ್ಲ. ನಾನೇ ಶಾಲು ಅಡ್ಡ ಹಿಡಿದು, ಒಬ್ಬೊಬ್ಬರೇ ಬನ್ರಮ್ಮಾ ಅಂತ ಎಷ್ಟೋ ಹೊತ್ತು ಕರೆದೆ. ಯಾರೂ ಬರಲಿಲ್ಲ. ತುಂಬಾ ನಾಚಿಕೆ ಜನ."